ಕೆಮ್ಮಿನ ಫಾರಂ ಅರಬ್ಬಿಗೆ ಹೋದರೆ ಗೆರೆ ಯಾವ ಕಡೆಯಿಂದ ಶುರು?

ನಮಸ್ಕಾರ! ಗಲ್ಫ್‌ನಲ್ಲಿ ನರ್ಸ್ ಆಗಿರುವ ವೀಕ್ಷಕರೊಬ್ಬರು ಕೇಳಿದ್ದಾರೆ: "ಕೆಮ್ಮಿನ ಫಾರಂ ಇಂಗ್ಲಿಷ್‌ನಲ್ಲಿದೆ, ಪೇಷಂಟ್ ಅರಬ್ಬಿಯವರು. ಫೋನ್‌ನಲ್ಲೇ ಅನುವಾದ ಮಾಡಿ ಕೊಟ್ಟರೆ ಸಾಲದಾ ಸರ್?"

ಸಾಲದು. ಬೇಸಿಕ್ಸ್ ಬೇಗ ಮುಗಿಸೋಣ. ದೊಡ್ಡವರಿಗೆ ಎಂಟು ವಾರ ದಾಟಿದ ಕೆಮ್ಮು ದೀರ್ಘಕಾಲದ ಕೆಮ್ಮು. ಅದು ಎಷ್ಟು ಕಾಡುತ್ತಿದೆ ಅಂತ ಅಳೆಯಲು 2003ರಲ್ಲಿ ಬಂದದ್ದು ಲೆಸ್ಟರ್ ಕೆಮ್ಮು ಪ್ರಶ್ನಾವಳಿ. 19 ಪ್ರಶ್ನೆ. ಕಳೆದ ಎರಡು ವಾರದಲ್ಲಿ ನಿದ್ದೆ ಕೆಟ್ಟಿತಾ? ಫೋನ್ ಮಾತು ಅರ್ಧಕ್ಕೆ ನಿಂತಿತಾ? ಮನೆಯವರಿಗೆ ಕಿರಿಕಿರಿ ಆಯಿತಾ? ಪ್ರತಿ ಉತ್ತರಕ್ಕೂ 1ರಿಂದ 7. ಪ್ರಶ್ನೆಗಳು ದೈಹಿಕ, ಮಾನಸಿಕ, ಸಾಮಾಜಿಕ ಅಂತ ಮೂರು ಭಾಗ. ಪ್ರತಿ ಭಾಗದ ಸರಾಸರಿ ತೆಗೆದು ಮೂರನ್ನೂ ಕೂಡಿಸಿದರೆ ಒಟ್ಟು ಅಂಕ 3ರಿಂದ 21, ಜಾಸ್ತಿ ಬಂದಷ್ಟೂ ಒಳ್ಳೆಯದು.

[ಸ್ಕ್ರೀನ್ ಮೇಲೆ: 100 ಮಿಲಿಮೀಟರ್ ಉದ್ದದ ಗೆರೆ]

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಕೆಮ್ಮು ಅಳೆಯಲು ಇಂಥ ಗೆರೆಯೂ ಬಳಕೆಯಲ್ಲಿದೆ. ಎಡತುದಿ ಅಂದರೆ ಕೆಮ್ಮೇ ಇಲ್ಲ, ಬಲತುದಿ ಅಂದರೆ ವಿಪರೀತ ಕೆಮ್ಮು. ಪೇಷಂಟ್ ಗೆರೆ ಮೇಲೆ ಒಂದು ಅಡ್ಡಗೀಟು ಹಾಕುತ್ತಾರೆ, ನರ್ಸ್ ಸ್ಕೇಲ್ ಇಟ್ಟು ಅಳೆಯುತ್ತಾರೆ. ಆದರೆ ಅರಬ್ಬಿ ಓದುವ ಕಣ್ಣು ಹೊರಡುವುದು ಬಲದಿಂದ. ಹಾಗಾಗಿ ಗೆರೆಯನ್ನೂ ತಿರುಗಿಸಬೇಕು. ತಿರುಗಿಸಿದ ಹಾಳೆಯನ್ನು ಯಾರೋ ರೂಢಿಯಂತೆ ಎಡದಿಂದಲೇ ಅಳೆದರು ಅಂತಿಟ್ಟುಕೊಳ್ಳಿ. 80ರ ಕೆಮ್ಮು 20 ಆಗಿಬಿಡುತ್ತದೆ. ಕೆಮ್ಮು ಕಮ್ಮಿಯಾದಂತೆ ಕಾಣುತ್ತದೆ, ಔಷಧಿ ಕಂಪನಿಗೆ ಹಬ್ಬ!

ಇದು ಬರೀ ಕಣ್ಣಿನ ರೂಢಿಯೂ ಅಲ್ಲ. 2009ರ ಒಂದು ಅಧ್ಯಯನದಲ್ಲಿ ಕೆನಡಾದವರು ಸಣ್ಣ ಸಂಖ್ಯೆಯನ್ನು ಎಡಕ್ಕೆ, ಪ್ಯಾಲೆಸ್ಟೀನಿಯರು ಬಲಕ್ಕೆ ಜೋಡಿಸಿಕೊಳ್ಳುವುದು ಕಂಡಿತು. ತಲೆಯೊಳಗಿನ ಸ್ಕೇಲೇ ತಿರುವುಮುರುವು! ಅಂಕಿಗಳದ್ದು ಇನ್ನೂ ಮಜಾ. ಈಜಿಪ್ಟ್, ಗಲ್ಫ್ ಕಡೆಯ 5 ನೋಡಲು ನಮ್ಮ ಸೊನ್ನೆಯಂತೆ, ಅವರ ಸೊನ್ನೆ ಬರೀ ಒಂದು ಚುಕ್ಕೆ. ಮೊರೊಕ್ಕೊಗೆ ಹೋದರೆ ನಮಗೆ ಗೊತ್ತಿರುವ 1, 2, 3.

ಒಂದು ಗುರುತು ತಪ್ಪಿದರೆ ಏನಾಗುತ್ತದೆ ಅಂತೀರಾ? ಲೆಕ್ಕ ನೋಡಿ. ಲೆಸ್ಟರ್ ಪ್ರಶ್ನಾವಳಿಯ ಸಾಮಾಜಿಕ ಭಾಗದಲ್ಲಿ ಇರುವುದೇ ನಾಲ್ಕು ಪ್ರಶ್ನೆ, ತೆಗೆಯುವುದು ಸರಾಸರಿ. ಒಂದೇ ಪ್ರಶ್ನೆಯಲ್ಲಿ 7ರ ಬದಲು 1 ಬಿದ್ದರೆ ಒಟ್ಟು ಅಂಕ 1.5 ಇಳಿಯುತ್ತದೆ. ದೀರ್ಘಕಾಲದ ಕೆಮ್ಮಿನಲ್ಲಿ ಪೇಷಂಟ್‌ಗೆ ನಿಜವಾಗಿ ವ್ಯತ್ಯಾಸ ಗೊತ್ತಾಗಲು ಬೇಕಾದ ಅಂತರವೇ 1.3!

ಟೈಮ್ ಓಡ್ತಿದೆ, ಸರಿಯಾದ ಅನುವಾದ ಹೇಗೆ ಮಾಡುತ್ತಾರೆ ಅನ್ನುವುದು ಒಟ್ಟಿಗೆ. ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ, ಎರಡನ್ನೂ ಕೂಡಿಸಿ ಒಂದು ಮಾಡುತ್ತಾರೆ. ಮೂಲ ನೋಡದವರು ಅದನ್ನು ಮತ್ತೆ ಇಂಗ್ಲಿಷ್‌ಗೆ ತರುತ್ತಾರೆ. ಆಮೇಲೆ ಪೇಷಂಟ್‌ಗಳನ್ನು ಕೂರಿಸಿ "ಇದನ್ನು ಓದಿದಾಗ ನಿಮಗೆ ಏನು ಅನ್ನಿಸಿತು?" ಅಂತ ಕೇಳುತ್ತಾರೆ. ನನ್ನ ಪ್ರಕಾರ ಜಾಸ್ತಿ ಕೆಲಸ ಆಗುವುದು ಇಲ್ಲೇ. ಪೇಂಟ್, ಹೊಗೆಯಿಂದ ಕೆಮ್ಮು ಬರುತ್ತದಾ ಅಂತ ಒಂದು ಪ್ರಶ್ನೆ ಇದೆ. ಗಲ್ಫ್ ಮನೆಗಳಲ್ಲಿ ನೆಂಟರು ಬಂದರೆ ಬಖೂರ್ ಧೂಪ ಹಾಕುತ್ತಾರೆ. ಅದನ್ನು ಅವರು ಹೊಗೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ? ಆ "ಕಳೆದ ಎರಡು ವಾರ" ರಂಜಾನ್ ಆಗಿದ್ದರೆ? ಹಗಲು ಕೆಮ್ಮು ಬಂದರೆ ಒಂದು ಗುಟುಕು ನೀರೂ ಇಲ್ಲ.

ಕೊನೆಗೆ ಕೆಮ್ಮು ಹಾಗೇ ಇರುವವರಿಗೆ ಕೆಲವು ದಿನ ಬಿಟ್ಟು ಅದೇ ಫಾರಂ ಮತ್ತೆ ಕೊಡುತ್ತಾರೆ. ಅಂಕ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ಬರದಿದ್ದರೆ ಫಾರಂ ವಾಪಸ್ ರಿಪೇರಿಗೆ.