ಕರಿಬೇವಿನ ಹುಳು ಮತ್ತು ಎರಿಕ್ ಕಾರ್ಲ್

ನಮಸ್ಕಾರ. ಮೊದಲು ಈ ಕುಂಡವನ್ನು ಸ್ವಲ್ಪ ಕ್ಯಾಮೆರಾದ ಹತ್ತಿರ ತರುತ್ತೇನೆ. ಧಾರವಾಡದ ನಮ್ಮ ಮನೆಯ ಹಿತ್ತಿಲಿನ ಕರಿಬೇವು ಇದು. ಎಲೆಗಳೆಲ್ಲ ಕತ್ತರಿ ಆಡಿಸಿದಂತೆ ಕಾಣುತ್ತಿವೆಯಲ್ಲ? ತಿಂದ ಆಸಾಮಿ ಈ ಟೊಂಗೆಯ ಅಡಿಯಲ್ಲೇ ಇದ್ದಾನೆ: ಎಲೆಯದೇ ಬಣ್ಣದ, ದಪ್ಪನೆಯ ಹಸಿರು ಹುಳು. ಮೊದಲೆಲ್ಲ ನನ್ನ ತಾಯಿ ಇಂಥದ್ದು ಕಂಡರೆ ಕಡ್ಡಿಯಿಂದ ಎತ್ತಿ ಕಾಂಪೌಂಡಿನ ಆಚೆ ಎಸೆಯುತ್ತಿದ್ದರು. ಒಗ್ಗರಣೆಯ ವಿಷಯದಲ್ಲಿ ಅವರಿಗೆ ದಯೆ ದಾಕ್ಷಿಣ್ಯ ಇಲ್ಲ. ಈ ಸಲ ಆರು ವರ್ಷದ ನನ್ನ ಮಗಳು ಕುಂಡದ ಮುಂದೆ ಕಾವಲು ಕೂತಿದ್ದಾಳೆ. ಅವಳನ್ನು ಹಾಗೆ ಕೂರಿಸಿದವರು 2021ರ ಮೇ 23ರಂದು ತಮ್ಮ 91ನೇ ವಯಸ್ಸಿನಲ್ಲಿ ತೀರಿಕೊಂಡ ಚಿತ್ರಕಾರ ಎರಿಕ್ ಕಾರ್ಲ್.

ತುಂಬ ಹಸಿದ ಹುಳುವೊಂದರ ಕಥೆ ಹೇಳುವ ಅವರ ಮಕ್ಕಳ ಚಿತ್ರಪುಸ್ತಕ ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಬಂದದ್ದು 1969ರಲ್ಲಿ. ಒಂದು ದಿನ ಕಾಗದದ ಕಟ್ಟಿಗೆ ಪಂಚಿಂಗ್ ಯಂತ್ರದಿಂದ ತೂತು ಹೊಡೆಯುತ್ತಿದ್ದಾಗ, ಇದನ್ನು ಹುಳು ಕೊರೆದಿದ್ದರೆ ಹೇಗೆ ಎಂದು ಅವರಿಗೆ ಹೊಳೆಯಿತಂತೆ. ಮೊದಲು ಬರೆದದ್ದು ಪುಸ್ತಕ ಕೊರೆಯುವ ಹುಳುವಿನ ಕಥೆ. ಸಂಪಾದಕಿ ಆ್ಯನ್ ಬೆನೆಡ್ಯೂಸ್ ಅವರಿಗೆ ಆ ಹುಳು ಅಷ್ಟೇನೂ ಹಿಡಿಸಲಿಲ್ಲ. ಕಂಬಳಿಹುಳು ಆಗಬಹುದೇ ಎಂದು ಅವರು ಕೇಳಿದರು. ಚಿಟ್ಟೆ ಎಂದು ಕಾರ್ಲ್ ಕೂಗಿದರು. ಒಂದೊಂದು ಹಾಳೆ ಒಂದೊಂದು ಅಗಲ, ಮೇಲೆ ತೂತು ಬೇರೆ. ಕೈಗೆಟಕುವ ಬೆಲೆಗೆ ಅದನ್ನು ಮಾಡಿಕೊಡುವ ಮುದ್ರಕರು ಅಮೆರಿಕದಲ್ಲಿ ಸಿಗದೆ, ಕೊನೆಗೆ ಜಪಾನಿನಲ್ಲಿ ಅಚ್ಚು ಹಾಕಿಸಬೇಕಾಯಿತು.

ನಾನು ಇದನ್ನು ಮಗಳಿಗೆ ಓದುವುದು ಕನ್ನಡದಲ್ಲಿ, ಆಗಿಂದಾಗಲೇ ಬಾಯಿಯಲ್ಲೇ ಅನುವಾದ ಮಾಡಿಕೊಂಡು. ಸೋಮವಾರ ಹುಳು ತಿನ್ನುವ ಒಂದು ಸೇಬಿಗೆ ತೊಂದರೆ ಇಲ್ಲ. ಮಂಗಳವಾರ ಎರಡು ‘ಪೇರ್’ ಎಂದೆನೋ ಇಲ್ಲವೋ, ಅವಳಿಗೆ ಅದು ಪೇರಲ ಹಣ್ಣಾಯಿತು. ನಾನು ತಿದ್ದಲಿಲ್ಲ. ಧಾರವಾಡದ ಹುಳು ಪೇರಲ ತಿನ್ನದೆ ಇನ್ನೇನು ತಿನ್ನಬೇಕು? ಶನಿವಾರ ಅದು ಹತ್ತು ತಿನಿಸು ತಿನ್ನುತ್ತದೆ. ಕೇಕಿನ ಜಾಗಕ್ಕೆ ಪೇಡೆ, ಸಾಸೇಜಿನ ಜಾಗಕ್ಕೆ ಮಿರ್ಚಿ ಭಜಿ, ಚೀಸಿನ ಜಾಗಕ್ಕೆ ಗಿರ್ಮಿಟ್ ಬಂದು ಕೂತವು. ಉಪ್ಪಿನಕಾಯಿ ಮತ್ತು ಕಲ್ಲಂಗಡಿ ಮೂಲದಲ್ಲೇ ಇದ್ದವು, ಹಾಗೇ ಉಳಿದವು.

ಅಂದು ರಾತ್ರಿ ಹುಳುವಿಗೆ ಹೊಟ್ಟೆನೋವು. ಮರುದಿನ ಒಂದು ಹಸಿರೆಲೆ ತಿಂದು ಸುಧಾರಿಸಿಕೊಳ್ಳುತ್ತದೆ. ಅಷ್ಟೇ. ಬೈಯುವವರು ಯಾರೂ ಇಲ್ಲ. ನಾನು ಈ ಮನುಷ್ಯನನ್ನು ಮೆಚ್ಚುವುದು ಇಲ್ಲಿ. ನಮ್ಮಲ್ಲಾಗಿದ್ದರೆ ಕೆಳಗೆ ದಪ್ಪ ಅಕ್ಷರದಲ್ಲಿ ‘ನೀತಿ: ಅತಿಯಾಗಿ ತಿನ್ನಬಾರದು’ ಎಂದು ಅಚ್ಚಾಗಿರುತ್ತಿತ್ತು. ಹುಬ್ಬಳ್ಳಿಯ ಒಂದು ಪುಸ್ತಕ ಪ್ರದರ್ಶನದಲ್ಲಿ ಚಿತ್ರಪುಸ್ತಕ ಕೇಳಿದಾಗ, ಮಳಿಗೆಯವರು ‘ಚಿತ್ರ ಬಿಡಿ, ಇದರಲ್ಲಿ ನೂರು ನೀತಿಕಥೆಗಳಿವೆ’ ಎಂದು ಇಟ್ಟಿಗೆಯಂಥ ಪುಸ್ತಕವನ್ನು ಕೈಗಿಟ್ಟಿದ್ದರು. ಚಿತ್ರ ಬಿಡಿ! ಕಾರ್ಲ್ ತೆಳು ಟಿಶ್ಯೂ ಕಾಗದಕ್ಕೆ ತಾವೇ ಬಣ್ಣ ಬಳಿದು, ಒಣಗಿಸಿ, ಕತ್ತರಿಸಿ, ಅಂಟಿಸಿ ಒಂದೊಂದು ಪುಟ ಕಟ್ಟುತ್ತಿದ್ದರು. ಆ ಹುಳುವಿನ ಮೈಯ ಹಸಿರನ್ನು ಹತ್ತಿರದಿಂದ ನೋಡಿ. ಒಂದು ಮಡಿಕೆಯ ಹಸಿರು ಇನ್ನೊಂದರಲ್ಲಿಲ್ಲ.

ಹಸಿವನ್ನು ಅವರು ತಮಾಷೆಗೆ ಆರಿಸಿಕೊಂಡವರೂ ಅಲ್ಲ. ಹುಟ್ಟಿದ್ದು 1929ರಲ್ಲಿ, ಅಮೆರಿಕದ ಸಿರಾಕ್ಯೂಸ್‌ನಲ್ಲಿ. ಆರನೆಯ ವಯಸ್ಸಿಗೆ ತಂದೆ ತಾಯಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕರೆದೊಯ್ದರು. ಮುಂದೆ ಯುದ್ಧ. ಕಲ್ಲೆತ್ತಿ, ತೊಗಟೆ ಸರಿಸಿ ಹುಳುಹುಪ್ಪಟೆ ತೋರಿಸುತ್ತಿದ್ದ ತಂದೆ ಸೈನ್ಯ ಸೇರಬೇಕಾಯಿತು. ಯುದ್ಧ ಮುಗಿದ ಮೇಲೂ ಸೋವಿಯತ್ ಸೆರೆಯಲ್ಲಿದ್ದು, ಸೊರಗಿ ಸುಣ್ಣವಾಗಿ ಮರಳಿದರು. ಹುಡುಗ ಹದಿನೈದಕ್ಕೆ ಕಂದಕ ತೋಡಿದ. ಕ್ರೌಸ್ ಎಂಬ ಚಿತ್ರಕಲಾ ಶಿಕ್ಷಕರು ಮಾತ್ರ ಅವನನ್ನು ಮನೆಗೆ ಕರೆದು, ನಾಜಿಗಳು ನಿಷೇಧಿಸಿದ್ದ ಆಧುನಿಕ ಚಿತ್ರಗಳ ಪ್ರತಿಗಳನ್ನು ಗುಟ್ಟಾಗಿ ತೋರಿಸಿದರು. ಸಿಕ್ಕಿಬಿದ್ದಿದ್ದರೆ ಅವರ ಗತಿ ಏನಾಗುತ್ತಿತ್ತೋ.

ಒಂದು ತಕರಾರಿನ ವಿಷಯ ಹೇಳಲೇಬೇಕು. ಚಿಟ್ಟೆ ರೇಷ್ಮೆಗೂಡಿನಂಥ ‘ಕಕೂನ್’ನಿಂದ ಬರುವುದಿಲ್ಲ, ಬೆತ್ತಲೆ ಕೋಶದಿಂದ ಬರುತ್ತದೆ, ಪುಸ್ತಕ ತಪ್ಪು ಎಂದು ಬಲ್ಲವರು ಆಕ್ಷೇಪಿಸಿದರು. ಚಿಕ್ಕಂದಿನಲ್ಲಿ ತಂದೆ ‘ಕಕೂನಿನಿಂದ ಹೊರಗೆ ಬಾ’ ಎನ್ನುತ್ತಿದ್ದರು, ಅದಕ್ಕೇ ಆ ಪದ ಎಂದು ಕಾರ್ಲ್ ಪಟ್ಟು ಸಡಿಲಿಸಲಿಲ್ಲ. ಕನ್ನಡದಲ್ಲಿ ಓದುವ ನನಗೆ ಈ ಜಗಳವೇ ಇಲ್ಲ. ರೇಷ್ಮೆಹುಳುವಿನದೂ ಗೂಡು, ಗುಬ್ಬಿಯದೂ ಗೂಡು, ಗೋಡೆಯಲ್ಲಿ ದೀಪ ಇಡುವುದೂ ಗೂಡು. ‘ಗೂಡಿನಿಂದ ಪಾತರಗಿತ್ತಿ ಹೊರಗೆ ಬಂತು’ ಎಂದರೆ ಮುಗಿಯಿತು. ಹೌದು, ನಮ್ಮ ಮನೆಯಲ್ಲಿ ಅದು ಚಿಟ್ಟೆಯಲ್ಲ, ಪಾತರಗಿತ್ತಿ. ಸಾಧನಕೇರಿಯ ಕವಿಯ ಊರಿನವರಿಗೆ ಆ ಹಕ್ಕಾದರೂ ಬೇಡವೇ?

ಕುಂಡವನ್ನು ಮತ್ತೆ ನೆರಳಿಗೆ ಇಡುತ್ತೇನೆ, ಕಾವಲಿನವಳು ಗುರುಗುಟ್ಟುತ್ತಿದ್ದಾಳೆ. ಅಂದಹಾಗೆ, ನಿನ್ನೆ ಸಾರಿನ ಒಗ್ಗರಣೆಗೆ ನನ್ನ ತಾಯಿ ಕರಿಬೇವನ್ನು ಮಾರುಕಟ್ಟೆಯಿಂದ ತರಿಸಿದರು. ಯಾಕೆ ಎಂದು ಕೇಳಿದೆ. ಸೌಟು ತೋರಿಸಿ, ಹೊರಗೆ ಹೋಗು ಎಂದರು.