ದಡ ಬಿಟ್ಟು ಹೊರಟ ಪಂಜರಗಳು

ನೀವು ನೋಡುತ್ತಿರುವುದು ಟರ್ಕಿಯ ನೈಋತ್ಯ ಕರಾವಳಿಯ ಗುಲ್ಲುಕ್ ಕೊಲ್ಲಿ. ನೀರಿನ ಮೇಲೆ ಕಪ್ಪು ಬಳೆಗಳಂತೆ ತೇಲುತ್ತಿರುವ ಪ್ಲಾಸ್ಟಿಕ್ ಕೊಳವೆಗಳಿಗೆ ಬಲೆಯ ದೊಡ್ಡ ಚೀಲಗಳನ್ನು ಇಳಿಬಿಟ್ಟಿದ್ದಾರೆ. ಅವುಗಳೊಳಗೆ ಬೆಳೆಯುತ್ತಿರುವುದು ಇಲ್ಲಿನವರು ಲೆವ್ರೆಕ್ (ಸೀ ಬಾಸ್) ಮತ್ತು ಚಿಪುರಾ (ಸೀ ಬ್ರೀಮ್) ಎಂದು ಕರೆಯುವ ಮೀನುಗಳು.

1980ರ ದಶಕದ ಮಧ್ಯದಲ್ಲಿ ಈ ಕಸುಬು ಆರಂಭವಾದಾಗ ಪಂಜರಗಳು ಮರದವಾಗಿದ್ದವು. ಗಾಳಿ, ಅಲೆಗಳ ಕಾಟವಿಲ್ಲದ ಸಣ್ಣ ಕೊಲ್ಲಿಗಳಲ್ಲಿ, ದಡದ ಮಗ್ಗುಲಲ್ಲೇ ಇದ್ದವು. ಹೋಟೆಲಿನವರಿಗೂ ವಿಹಾರನೌಕೆಯವರಿಗೂ ಬೇಕಾಗಿದ್ದದ್ದು ಅದೇ ಶಾಂತ ನೀರು. ನೀರು ಹರಿಯದ ಕಡೆ ಮೀನಿನ ಹಿಕ್ಕೆಯೂ ತಿನ್ನದೆ ಉಳಿದ ಆಹಾರವೂ ಪಂಜರದ ಕೆಳಗೇ ಕೂತು, ಸಮುದ್ರತಳದ ಹುಲ್ಲುಗಾವಲನ್ನು ಹಾಳುಮಾಡುತ್ತವೆ ಎಂಬ ದೂರೂ ನ್ಯಾಯವಾದದ್ದೇ. 2006ರಲ್ಲಿ ಪರಿಸರ ಕಾನೂನಿಗೆ ತಿದ್ದುಪಡಿಯಾಯಿತು. ಮರುವರ್ಷ ಬಂದ ನಿಯಮಗಳ ಪ್ರಕಾರ ಪಂಜರವು ದಡದಿಂದ ಕನಿಷ್ಠ 0.6 ನಾಟಿಕಲ್ ಮೈಲಿ, ಅಂದರೆ ಸುಮಾರು 1,100 ಮೀಟರ್ ದೂರದಲ್ಲಿ, 30 ಮೀಟರಿಗೆ ಕಡಿಮೆಯಿಲ್ಲದ ಆಳದಲ್ಲಿ, ನೀರು ಸೆಕೆಂಡಿಗೆ 0.1 ಮೀಟರಿಗಿಂತ ವೇಗವಾಗಿ ಹರಿಯುವಲ್ಲಿ ಇರಬೇಕಾಯಿತು.

ಪ್ರವಾಸೋದ್ಯಮ ಗೆದ್ದು ಮೀನು ಸಾಕುವವರು ಸೋತರು ಎಂದು ಇದನ್ನು ಓದಬಹುದು, ನನಗೆ ಹಾಗನ್ನಿಸುವುದಿಲ್ಲ. ತೆರೆದ ಕಡಲಿನ ಅಲೆಗಳನ್ನು ತಾಳುವ ಪಂಜರ, ಲಂಗರು, ದೊಡ್ಡ ದೋಣಿಗಳಿಗೆ ಬಂಡವಾಳ ಹೊಂದಿಸುವುದು ಸಣ್ಣ ಸಾಕಣೆದಾರರಿಗೆ ಕಷ್ಟವಾಗಿರಬೇಕು. ಹೊಂದಿಸಬಲ್ಲವರಿಗೆ ಮಾತ್ರ ಕೊಲ್ಲಿಯಲ್ಲಿ ಎಂದೂ ಸಿಗದಷ್ಟು ಜಾಗ ಸಿಕ್ಕಿತು. ಸಿಹಿನೀರಿನ ಟ್ರೌಟ್ ಸೇರಿ 2000ರಲ್ಲಿ ಸುಮಾರು 79,000 ಟನ್ ಇದ್ದ ದೇಶದ ಸಾಕಣೆ 2020ರಲ್ಲಿ ಸುಮಾರು 4,21,000 ಟನ್ನಿಗೆ ಏರಿತು. ಆ ವರ್ಷ ಬಲೆ ಬೀಸಿ ಹಿಡಿದ ಮೀನು ಅದಕ್ಕಿಂತ ಕಡಿಮೆ.

ಈಗ ಆಹಾರದ ದೋಣಿ ಬಂದಿದೆ. ಕೊಳವೆಯಿಂದ ಚಿಮ್ಮುವ ಕಂದು ಗುಳಿಗೆಗಳು ನೀರಿಗೆ ಬೀಳುವ ಸದ್ದು ತಗಡಿನ ಮಾಡಿನ ಮೇಲೆ ಮಳೆ ಸುರಿದಂತಿದೆ. ಅದರ ಹಿಂದೆಯೇ ಇಡೀ ಪಂಜರ ಕುದಿಯಲು ತೊಡಗುತ್ತದೆ. ಗುಳಿಗೆಯಲ್ಲಿ ಸೋಯಾದ ಜೊತೆ ಸಣ್ಣ ಮೀನುಗಳ ಪುಡಿಯೂ ಇರುವುದರಿಂದ, ಸಾಕಿದ ಮೀನು ಕಡಲಿನ ಮೇಲಿನ ಭಾರವನ್ನು ಪೂರ್ತಿ ಇಳಿಸುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಮರಿಕೇಂದ್ರದಿಂದ ಬರುವ ಎರಡು ಗ್ರಾಮಿನ ಮರಿ ತಟ್ಟೆಯ ಗಾತ್ರಕ್ಕೆ ಬೆಳೆಯಲು ಸುಮಾರು ಒಂದೂವರೆ ವರ್ಷ ಬೇಕು.

ಸಂಜೆ ದಡದ ಹೋಟೆಲಿನಲ್ಲಿ ಲೆವ್ರೆಕ್ ಕೇಳಿದಾಗ, ಕಡಲಿನದೋ ಸಾಕಿದ್ದೋ ಎಂದು ಮಾಣಿ ವಿಚಾರಿಸಿದ. ಕಡಲಿನದಕ್ಕೆ ಬೆಲೆ ಬಹಳ ಹೆಚ್ಚು. ಸಾಕಿದ್ದನ್ನೇ ತರಿಸಿಕೊಂಡೆ. ಸುತ್ತಲಿನ ಮೂರು ಮೇಜುಗಳ ಮೇಲೂ ಮೀನು ಇತ್ತು, ನಾಲ್ಕೂ ಒಂದೇ ಅಳತೆಯವು.