ಹಳೆಯ ಕಾರಿನ ಸ್ಟಿಯರಿಂಗ್: ಮೊದಲು ಬಗ್ಗಿ ನೋಡಿ

ಕೇಳುಗರಿಗೆ ನಮಸ್ಕಾರ. ಹಳೆಯ ಫೋರ್ಡ್ ಮಾಡೆಲ್ ಟಿ ರಸ್ತೆಯಲ್ಲಿ ಅತ್ತಿತ್ತ ಎಳೆಯಿತೋ, ಎಲ್ಲರ ಕೈ ಸ್ಟಿಯರಿಂಗ್ ಗೇರಿಗೇ, ಅಂದರೆ ಸ್ಟಿಯರಿಂಗಿನ ಹಲ್ಲುಚಕ್ರಗಳಿಗೇ ಹೋಗುತ್ತದೆ. ದಯವಿಟ್ಟು ಅದನ್ನು ಬಿಚ್ಚಬೇಡಿ. ಮೊದಲು ಬಗ್ಗಿ ಮುಂದಿನ ಗಾಲಿ ನೋಡಿ.

ಕಾರ್ಲ್ ಬೆಂಜ್ ಕಥೆಯನ್ನೇ ತಗೊಳ್ಳಿ. 1886ರಲ್ಲಿ ಆತ ಪೇಟೆಂಟಿಗೆ ಹಾಕಿದ ಕಾರಿಗೆ ಮೂರೇ ಗಾಲಿ. ಮುಂದೆ ಎರಡಿಟ್ಟರೆ ಅವನ್ನು ತಿರುಗಿಸುವ ಬಗೆ ಆತನ ಮನಸ್ಸಿಗೆ ಒಪ್ಪಿರಲಿಲ್ಲ. ಸಾರೋಟಿನ ಹಾಗೆ ಇಡೀ ಅಚ್ಚನ್ನು ನಡುವಿನ ಗೂಟದ ಮೇಲೆ ತಿರುಗಿಸಿದರೆ, ಒಂದು ಗಾಲಿ ಕಲ್ಲಿಗೆ ಬಡಿದರೂ ಸಾಕು, ಗಾಡಿ ತಿರುಗಿಸುವ ಹಿಡಿ ಕೈಯಿಂದ ಕಿತ್ತುಕೊಳ್ಳುತ್ತದೆ. 1893ರಲ್ಲಿ ಉತ್ತರ ಸಿಕ್ಕಿತು: ಅಚ್ಚು ಅಲುಗುವುದೇ ಬೇಡ, ಒಂದೊಂದು ಗಾಲಿಗೂ ಅದರದೇ ಕೀಲು ಇರಲಿ, ತಿರುವಿನಲ್ಲಿ ಒಳಗಾಲಿ ಹೊರಗಾಲಿಗಿಂತ ಹೆಚ್ಚು ತಿರುಗಲಿ. ಅದೇ ವರ್ಷ ನಾಲ್ಕು ಗಾಲಿಯ ವಿಕ್ಟೋರಿಯಾ ಬಂತು. ನೋಡಿದಿರಾ? ಆತ ಸರಿಮಾಡಿದ್ದು ಹಿಡಿಯನ್ನಲ್ಲ, ಗಾಲಿಯ ಬುಡವನ್ನು!

ಇನ್ನು ಮಾಡೆಲ್ ಟಿ. ಇದರ ಕಿಂಗ್‌ಪಿನ್‌ನ, ಅಂದರೆ ಮುಂದಿನ ಗಾಲಿ ತಿರುಗುವ ಕೀಲಿನ ಗೂಟದ, ಮೇಲ್ತುದಿ ಸುಮಾರು 5.5 ಡಿಗ್ರಿ ಹಿಂದಕ್ಕೆ ವಾಲಿರಬೇಕು. ಗಾರೆಯವರ ತೂಕದ ಗುಂಡು ಇಳಿಬಿಟ್ಟರೆ ಅಡಿಗೆ ಒಂದು ಇಂಚಿನ ಮೇಲೆ ಚೂರು. ಈ ವಾಲು ಇದ್ದರೇ ತಿರುವು ಮುಗಿದ ಮೇಲೆ ಗಾಲಿ ತಾನಾಗಿ ನೇರಕ್ಕೆ ಬರುವುದು. ಎಂದೋ ಗುದ್ದಿ, ಮುಂದಿನ ಅಚ್ಚನ್ನು ಹಿಂದಿನಿಂದ ಹಿಡಿದಿಡುವ ಕವೆಯಾಕಾರದ ಸರಳು, ವಿಶ್‌ಬೋನ್, ಬಾಗಿದ್ದರೆ, ಅಥವಾ ಎಂಜಿನ್ ಕೆಳಗೆ ಅದರ ಗುಂಡು ಕೂರುವ ಮುಚ್ಚಳ ಸಡಿಲವಾಗಿದ್ದರೆ, ವಾಲು ಕೆಟ್ಟಿರುತ್ತದೆ. ಗೇರು ಹೊಸದು ಹಾಕಿ ಏನು ಬಂತು?

ಪ್ಲೇ, ಅಂದರೆ ಕೀಲುಗಳ ಸಡಿಲ, ಹುಡುಕುವುದು ಸುಲಭ. ಒಬ್ಬರು ಸ್ಟಿಯರಿಂಗನ್ನು ಸಣ್ಣಗೆ ಅತ್ತಿತ್ತ ಆಡಿಸಲಿ. ನೀವು ಕೆಳಗೆ ಒಂದೊಂದೇ ಕೀಲಿನ ಎರಡೂ ಭಾಗಕ್ಕೆ ತಾಗುವಂತೆ ಬೆರಳಿಡಿ. ಒಂದು ಅಲುಗಿ ಇನ್ನೊಂದು ಸುಮ್ಮನಿದ್ದರೆ ಸವೆದದ್ದು ಅಲ್ಲೇ. ಆದರೆ ಅದಕ್ಕೆ ಮೊದಲು ಗಾಲಿಯ ಬೇರಿಂಗ್ ಬಿಗಿಮಾಡಿ. ಇಲ್ಲದಿದ್ದರೆ ಬೇರಿಂಗಿನ ತಪ್ಪಿಗೆ ಕೀಲಿನೊಳಗಿನ ಲೋಹದ ಕೊಳವೆ, ಬುಷ್, ಬದಲಾಯಿಸುತ್ತ ಕೂರುತ್ತೀರಿ.

ಟೋ-ಇನ್: ಅಚ್ಚಿನ ಎತ್ತರದಲ್ಲಿ ಅಳೆದಾಗ ಮುಂದಿನ ಎರಡು ಗಾಲಿಗಳ ನಡುವಿನ ಅಂತರ ಅವುಗಳ ಹಿಂಬದಿಗಿಂತ ಮುಂಬದಿಯಲ್ಲಿ 3/16ರಿಂದ 1/4 ಇಂಚು ಕಡಿಮೆ ಇರಲಿ. ರಿಮ್ಮಿನ ಹಿಂಬದಿಗೆ ಸೀಮೆಸುಣ್ಣದ ಗುರುತು ಹಾಕಿ ಅಳೆಯಿರಿ. ಗಾಡಿಯನ್ನು ಮುಂದಕ್ಕೆ ತಳ್ಳಿ, ಅದೇ ಗುರುತು ಮುಂದೆ ಬಂದಾಗ ಮತ್ತೆ ಅಳೆಯಿರಿ. ಆಗ ರಿಮ್ಮಿನ ಸೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ವ್ಯತ್ಯಾಸವಿದ್ದರೆ ಆ ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡಿನ ತುದಿಯ ಕವೆ, ಯೋಕ್, ಅದರ ಬೋಲ್ಟ್ ತೆಗೆದು ಯೋಕನ್ನು ತಿರುಗಿಸಿ.

ಸಮಯವಾಯಿತೆಂದು ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಗೇರು ಇರುವುದು ಸ್ಟಿಯರಿಂಗ್ ಚಕ್ರದ ಅಡಿಯಲ್ಲೇ. ಗ್ರೀಸು ತುಂಬಿ, ಅಷ್ಟು ಸಾಕು. ನಮಸ್ಕಾರ.